20 ಡಾಲರ್ ನೋಟಿನ ಮೇಲಿರುವ ಕನ್ನಡಕದ ಅಜ್ಜಿ ಯಾರು?

ಬೆಣ್ಣೆದೋಸೆ_ಸಿಡ್ನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಸಿಡ್ನಿಗೆ ಬಂದು ಎರಡು ವರ್ಷ ಆಯಿತು. ಮಗಳಿಗೆ ಹದಿಮೂರು. ನೋಟಿನ ಮೇಲಿರುವ ಒಬ್ಬರ ಬಗ್ಗೆ ಬರೆದುಕೊಂಡು ಬನ್ನಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಅವಳು ಆರಿಸಿಕೊಂಡಿದ್ದು ಮೇರಿ ರೀಬಿ. ಕುದುರೆ ಕದ್ದು ಶಿಕ್ಷೆಯಾಗಿ ಹಡಗಿನಲ್ಲಿ ಇಲ್ಲಿಗೆ ಬಂದ ಹುಡುಗಿಯಂತೆ! ದಾವಣಗೆರೆಯಲ್ಲಿರುವ ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿದರೆ, "ಕಳ್ಳೀನ ಯಾರಾದ್ರೂ ನೋಟಿನ ಮೇಲೆ ಹಾಕ್ತಾರೇನೆ?" ಅಂದರು. ಏನು ಉತ್ತರ ಕೊಡಲಿ ಅಂತ ತಿಳಿಯಲಿಲ್ಲ. ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಹಡಗುಕಟ್ಟೆ:

ಹೌದು, ಅದೇ ಮೇರಿ ರೀಬಿ. 1994ರಿಂದ 20 ಡಾಲರ್ ನೋಟಿನ ಮೇಲಿದ್ದಾರೆ. ದೊಡ್ಡ ವ್ಯಾಪಾರಿ, ಹಡಗುಗಳ ಮಾಲೀಕರು. ಮುಖದ ಪಕ್ಕದಲ್ಲಿ ಒಂದು ಹಡಗಿನ ಚಿತ್ರವೂ ಇದೆ, ಮಗಳಿಗೆ ತೋರಿಸಿ.

ನೂಲಿನ_ಉಂಡೆ:

ನಿಮ್ಮ ಅತ್ತೆಯ ಪ್ರಶ್ನೆ ಸರಿಯಾಗಿಯೇ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇರಿಯ ಹುಟ್ಟು ಹೆಸರು ಮಾಲಿ ಹೇಡಾಕ್. ಹುಟ್ಟಿದ್ದು 1777ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಬೆರಿ ಎಂಬ ಊರಿನಲ್ಲಿ. ಬೆಳೆಸಿದ್ದು ಅಜ್ಜಿ. ಮನೆಗೆಲಸಕ್ಕೆ ಸೇರಿಸಿದ್ದರು, ಅಲ್ಲಿಂದ ಓಡಿಹೋದಳು. ಗಂಡು ಹುಡುಗನ ಬಟ್ಟೆ ಹಾಕಿಕೊಂಡು ಜೇಮ್ಸ್ ಬರೋ ಅಂತ ಹೆಸರಿಟ್ಟುಕೊಂಡಳು. ಕುದುರೆ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದಾಗಲೂ ಅದೇ ಹೆಸರು. 1790ರಲ್ಲಿ ಸ್ಟಾಫರ್ಡ್‌ನಲ್ಲಿ ವಿಚಾರಣೆ ನಡೆಯಿತು. ಆಗ ಅವಳಿಗೆ ನಿಮ್ಮ ಮಗಳ ವಯಸ್ಸೇ. ಕುದುರೆ ಕಳ್ಳತನಕ್ಕೆ ಆ ಕಾಲದಲ್ಲಿ ನೇಣು! ಅದು ತಪ್ಪಿ ಏಳು ವರ್ಷದ ಗಡೀಪಾರು ಆಯಿತು. ಹೆಣ್ಣು ಅಂತ ಗೊತ್ತಾಗಿದ್ದು ಆಮೇಲೆ.

1792ರ ಅಕ್ಟೋಬರಿನಲ್ಲಿ 'ರಾಯಲ್ ಅಡ್ಮಿರಲ್' ಹಡಗು ಸಿಡ್ನಿಗೆ ಬಂತು. ಇನ್ನೂ ಹಡಗಿನಲ್ಲಿರುವಾಗಲೇ ಅವಳು ಊರಿನ ಪೆನೆಲೊಪಿ ಆಂಟಿಗೆ ಒಂದು ಕಾಗದ ಬರೆದಳು. ಆ ಕಾಗದ ಇವತ್ತಿಗೂ ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿದೆ. ನಾನು ಅದರ ಚಿತ್ರ ನೋಡಿದೆ. ತುಂಬಾ ಕಾಗುಣಿತ ತಪ್ಪುಗಳಿವೆ. ಜಾಗ ಚೆನ್ನಾಗಿಯೇ ಕಾಣುತ್ತಿದೆ ಅನ್ನುತ್ತಾಳೆ. ನನಗೆ ಜೀವನಪೂರ್ತಿ ಶಿಕ್ಷೆ ಅಂತ ಹೇಳುತ್ತಿದ್ದಾರೆ, ತುಂಬಾ ದುಃಖ ಆಗುತ್ತಿದೆ ಅನ್ನುತ್ತಾಳೆ. ಎರಡು ಮೂರು ವರ್ಷದಲ್ಲಿ ಹೊರಟುಬರಲು ದಾರಿ ನೋಡುತ್ತಿರುತ್ತೇನೆ, ಅಲ್ಲಿಯವರೆಗೆ ಇದ್ದುದರಲ್ಲೇ ಸಂತೋಷವಾಗಿರುತ್ತೇನೆ ಅಂತ ಸಮಾಧಾನವನ್ನೂ ಹೇಳುತ್ತಾಳೆ. ಹದಿನೈದು ವರ್ಷದ ಹುಡುಗಿ! ಏಳು ವರ್ಷದ ಶಿಕ್ಷೆಯನ್ನು ಜೀವನಪೂರ್ತಿ ಅಂದುಕೊಂಡು ಈ ಸಾಲು ಬರೆದಿದ್ದಾಳೆ. ಓದುತ್ತಾ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಮೇಜರ್ ಫ್ರಾನ್ಸಿಸ್ ಗ್ರೋಸ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. 1794ರಲ್ಲಿ ಥಾಮಸ್ ರೀಬಿ ಎಂಬ ಐರಿಶ್ ಹುಡುಗನ ಜೊತೆ ಮದುವೆ. ಒಟ್ಟು ಏಳು ಮಕ್ಕಳು. 1811ರಲ್ಲಿ ಗಂಡ ತೀರಿಕೊಂಡ. ಅಂಗಡಿ, ಉಗ್ರಾಣ, ಹಡಗು, ಹೋಟೆಲು ಎಲ್ಲವನ್ನೂ ಅವಳೇ ನಡೆಸಿದಳು. ಸಾಧು ಹೆಂಗಸೇನೂ ಅಲ್ಲ. ಸಾಲ ವಾಪಸ್ ಕೊಡದವನ ಮೇಲೆ ಕೈ ಮಾಡಿದ್ದಕ್ಕೆ 1817ರಲ್ಲಿ ಕೋರ್ಟಿನಲ್ಲಿ ತಪ್ಪಿತಸ್ಥೆ ಅನ್ನಿಸಿಕೊಂಡಳು. ಅದೇ ವರ್ಷ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಶುರುವಾಗಿದ್ದೂ ಅವಳ ಕಟ್ಟಡದಲ್ಲೇ.

1820ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹುಟ್ಟಿದ ಊರಿಗೆ ಹೋಗಿ ಬಂದಳು. 1828ರ ಜನಗಣತಿಯವರು ಬಂದು, ನೀವು ಈ ದೇಶಕ್ಕೆ ಹೇಗೆ ಬಂದಿರಿ ಅಂತ ಕೇಳಿದರು. "1821ರಲ್ಲಿ, ಸ್ವತಂತ್ರಳಾಗಿ" ಅಂತ ಬರೆಸಿದಳು. ಆ ವರ್ಷ ಇಂಗ್ಲೆಂಡಿನಿಂದ ವಾಪಸ್ ಬಂದಿದ್ದಳಲ್ಲ, ಅದು. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮೂವತ್ತಾರು ವರ್ಷ ಕಳೆದಿತ್ತು, ಅಷ್ಟು ಆಸ್ತಿ ಇತ್ತು, ಆದರೂ 'ಕೈದಿ' ಅನ್ನೋ ಒಂದು ಪದ ಅವಳನ್ನು ಕಾಡುತ್ತಿತ್ತು, ಅಲ್ವಾ?

ಹಡಗುಕಟ್ಟೆ:

ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ. ಮ್ಯಾಕ್ವಾರಿ ಪ್ಲೇಸ್‌ನಲ್ಲಿದ್ದ ಅವರ ಮನೆಯ ಹೆಸರು 'ಎಂಟಾಲಿ'. ಅದು ಕಲ್ಕತ್ತಾದ ಒಂದು ಬಡಾವಣೆ! ಭಾರತದ ಜೊತೆ ವ್ಯಾಪಾರ ಇತ್ತು. ಇನ್ನೊಂದು ಮಾತು: ರೀಬಿ ಕುಟುಂಬಕ್ಕೆ ಹಾಕ್ಸ್‌ಬರಿ ನದಿಯ ದಡದಲ್ಲಿ ಸರ್ಕಾರ ಕೊಟ್ಟ ಜಮೀನು ಅಲ್ಲಿನ ಮೂಲನಿವಾಸಿಗಳಾದ ದರುಗ್ ಜನರದ್ದು. ಮಗಳು ಅದನ್ನೂ ಬರೆಯಲಿ.

ನೂಲಿನ_ಉಂಡೆ:

ಖಂಡಿತ ಬರೆಯಲೇಬೇಕು. ಜೊತೆಗೆ, ಎಲ್ಲ ಹೆಣ್ಣು ಕೈದಿಗಳೂ ಮೇರಿ ಆಗಲಿಲ್ಲ. ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಹೆಂಗಸರು ಸುಮಾರು 25,000. ನಾನಿರುವ ಪ್ಯಾರಮಟಾದಲ್ಲಿ ಅವರನ್ನು ಇಟ್ಟಿದ್ದ 'ಫೀಮೇಲ್ ಫ್ಯಾಕ್ಟರಿ'ಯ ಕಲ್ಲಿನ ಕಟ್ಟಡಗಳು ಇನ್ನೂ ಇವೆ. ಹ್ಯಾರಿಸ್ ಪಾರ್ಕಿನಲ್ಲಿ ನಾವು ಕರಿಬೇವು, ಅವಲಕ್ಕಿ ತರುವ ಅಂಗಡಿಗಳಿಂದ ನಡೆದೇ ಹೋಗಬಹುದು. ಅಲ್ಲಿ ಉಣ್ಣೆ ನೂತು ಬಟ್ಟೆ ನೇಯುತ್ತಿದ್ದರು. ನಮ್ಮಜ್ಜಿ ಇಳಕಲ್ಲಿನಲ್ಲಿ ಮಗ್ಗದ ಮನೆಯವರು, ಹಾಗಾಗಿ ಆ ಗೋಡೆ ಮುಟ್ಟಿದಾಗ ಸುಮ್ನೆ ಬರೋಕೆ ಆಗಲಿಲ್ಲ. ತಪ್ಪು ಮಾಡಿದರೆ ತಲೆಗೂದಲು ಕತ್ತರಿಸುತ್ತಿದ್ದರು. ನಮ್ಮಲ್ಲಿ ವಿಧವೆಯರಿಗೆ ಮಾಡುತ್ತಿದ್ದುದು ನೆನಪಾಯಿತು. 1827ರಲ್ಲಿ ರೊಟ್ಟಿ, ಸಕ್ಕರೆ ಕಡಿಮೆ ಮಾಡಿದಾಗ ಅವರೆಲ್ಲ ಬಾಗಿಲು ಮುರಿದು ಊರಿಗೆ ನುಗ್ಗಿ, ಅಂಗಡಿಗಳಿಂದ ರೊಟ್ಟಿ ಎತ್ತಿಕೊಂಡರು. ಅವರ ಮುಖ ಯಾವ ನೋಟಿನ ಮೇಲೂ ಇಲ್ಲ.

ಬೆಣ್ಣೆದೋಸೆ_ಸಿಡ್ನಿ:

ಇಬ್ಬರಿಗೂ ತುಂಬಾ ಧನ್ಯವಾದ. ರಾತ್ರಿ ಅತ್ತೆಗೆ ಮತ್ತೆ ಫೋನ್ ಮಾಡಿ ಕಾಗದದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಆ ಕಾಗದ ಊರಿಗೆ ತಲುಪೋಕೆ ಎಷ್ಟು ತಿಂಗಳು ಹಿಡೀತೋ ಏನೋ ಪಾಪ" ಅಂದರು. ಶನಿವಾರ ಮಗಳನ್ನು ಪ್ಯಾರಮಟಾಗೆ ಕರೆದುಕೊಂಡು ಬರುತ್ತೇನೆ. ನೀವು ಬಿಡುವಾಗಿದ್ದರೆ ಆ ಗೋಡೆ ತೋರಿಸಿ.