ಹಾಸನದಲ್ಲಿ ಬೇಲೂರು ಬಿಟ್ಟು: ಬೇತಾಳ, ಕನ್ನಡಿ ಕಂಬ, ನಕ್ಷತ್ರದ ಕೋಟೆ

ಪ್ರಶ್ನೆ: ಆಗಸ್ಟ್ ಎರಡನೇ ವಾರ ಎರಡು ದಿನ ಹಾಸನಕ್ಕೆ ಬರ್ತಿದೀವಿ. ಬೇಲೂರು ನೋಡಿ ಆಗಿದೆ. ಸ್ವಲ್ಪ ವಿಚಿತ್ರ ಅನ್ನಿಸೋ ಜಾಗಗಳಿದ್ರೆ ಹೇಳಿ. ಜೊತೆಗೆ ಮಂಡಿನೋವಿರೋ ಅಮ್ಮ, ಹತ್ತು ವರ್ಷದ ಮಗ. ಶೆಟ್ಟಿಹಳ್ಳಿ ಚರ್ಚ್ ಒಳಗೆ ಓಡಾಡಬಹುದಾ?

ಉತ್ತರ 1: ಆಗಸ್ಟಲ್ಲಿ ಆಗಲ್ಲ ಸಾರ್. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು, ಗೊರೂರು ಅಣೆಕಟ್ಟಾದ ಮೇಲೆ ಹೇಮಾವತಿ ಹಿನ್ನೀರಿಗೆ ಸಿಕ್ಕಿತು. ಮಳೆ ಚೆನ್ನಾಗಿ ಆದ ವರ್ಷ ಆಗ ಅರ್ಧ ಮುಳುಗಿರುತ್ತೆ, ದಡದಿಂದಲೇ ನೋಡ್ಬೇಕು. ಆ ನೋಟವೂ ಚೆಂದವೇ. ಹತ್ತಿರ ನಡೆದು ಹೋಗೋಕೆ ಫೆಬ್ರವರಿಯಿಂದ ಮೇ ಸರಿ. ನೀರು ಇಳಿದ ಅಂಚಲ್ಲಿ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಒಳಗೆ ಕೆಸರು. ಕಾರು ಇಳಿಸಿದ್ರೆ ಚಕ್ರ ಹೂತ್ಕೊಳ್ಳುತ್ತೆ, ಟಾರು ರಸ್ತೆ ಪಕ್ಕದಲ್ಲೇ ನಿಲ್ಲಿಸಿ. ವರ್ಷ ವರ್ಷ ನೆನೆದು ಒಣಗಿ ಗಾರೆ ಉದುರಿದೆ, ಗೋಡೆಯ ಒಂದಷ್ಟು ಬಿದ್ದೂ ಹೋಗಿದೆ. ದಯವಿಟ್ಟು ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸ್ಕೋಬೇಡಿ.

ಉತ್ತರ 2: ಅಮ್ಮ ಇದ್ದಾರೆ ಅಂದ್ರೆ ಹಳೇಬೀಡಿನ ಬಸದಿಹಳ್ಳಿಗೆ ಹೋಗಿ. ಹೊಯ್ಸಳೇಶ್ವರ ನೋಡಿದ ನೂರು ಜನರಲ್ಲಿ ಹತ್ತು ಜನ ಅಲ್ಲಿಗೆ ಬಂದ್ರೆ ಹೆಚ್ಚು, ಅದೇ ಬೇಜಾರು. 1133ರ ಪಾರ್ಶ್ವನಾಥ ಬಸದಿ. ಒಳಗಿನ ಕಂಬಗಳನ್ನ ತಿರುಗಣೆಗೆ (ಲೇತ್ ಥರ ಕಲ್ಲನ್ನ ತಿರುಗಿಸೋ ಯಂತ್ರ) ಕೊಟ್ಟು ಕಡೆದು ನುಣುಪು ಮಾಡಿದ್ದಾರೆ, ಮೈಮೇಲೆ ಬಳೆ ತೊಡಿಸಿದ ಹಾಗೆ ಸುತ್ತುಗೆರೆಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗೋದ್ರಿಂದ ಇದು ಸಾಧ್ಯ ಆಯ್ತು. ಬಾಗಿಲ ಬೆಳಕು ನಿಮ್ಮ ಮೇಲೆ ಬೀಳೋ ಹಾಗೆ ನಿಂತು ಕೈ ಚಾಚಿ, ಕಂಬದಲ್ಲಿ ನಿಮ್ಮ ಬಿಂಬ ಕಾಣುತ್ತೆ. ಕಂಬಕ್ಕೆ ಟಾರ್ಚ್ ಹಿಡಿದ್ರೆ ಬರೀ ಹೊಳಪು, ಬಿಂಬ ಕಾಣಲ್ಲ. ಬೆವರು ಕೈಯಲ್ಲಿ ಮುಟ್ಟಬೇಡಿ, ಹೊಳಪು ಮಾಸುತ್ತೆ.

ಹೊಯ್ಸಳೇಶ್ವರ ದೇವಸ್ಥಾನದ ಆವರಣದ ಮ್ಯೂಸಿಯಂಗೆ ಶುಕ್ರವಾರ ರಜೆ. ಆ ದಿನ ಬಿಟ್ಟು ಹೊರಡಿ.

ಉತ್ತರ 3: ಅದೇ ದಿನ ದೊಡ್ಡಗದ್ದವಳ್ಳಿನೂ ಆಗುತ್ತೆ, ಹಾಸನ-ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ. ನಾಲ್ಕು ಗರ್ಭಗುಡಿಯ ಲಕ್ಷ್ಮೀದೇವಿ ಗುಡಿ. ಮಗನಿಗೆ ಕಾಳಿ ಗುಡಿಯ ಬಾಗಿಲ ಆಚೆ ಈಚೆ ನಿಂತಿರೋ ಬೇತಾಳಗಳನ್ನ ತೋರಿಸಿ: ಆಳೆತ್ತರ, ಪಕ್ಕೆಲುಬು ಎಣಿಸಬಹುದು. ಒಳಗೆ ಕತ್ತಲು, ಇಲ್ಲಿ ಮಾತ್ರ ಟಾರ್ಚ್ ಬೇಕೇ ಬೇಕು. ಬದಿಯಿಂದ ಬೆಳಕು ಬಿಟ್ಟರೆ ಎಲುಬುಗಳು ಎದ್ದು ಕಾಣುತ್ತವೆ.

ಉತ್ತರ 4: ಸಕಲೇಶಪುರದ ಮಂಜರಾಬಾದ್ ಕೋಟೆ ಮಗನಿಗೆ ಸರಿ, ಅಮ್ಮನಿಗೆ ಬೇಡ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. ರಬ್ಬರ್ ಚಪ್ಪಲಿ ಹಾಕಿದ್ರೆ ಇಳಿಯುವಾಗಲೇ ಜಾರೋದು. ಟಿಪ್ಪು ಕಾಲದಲ್ಲಿ, 1792ಕ್ಕೆ ಮುಗಿದ ಕೋಟೆ, ಎಂಟು ಮೂಲೆಯ ನಕ್ಷತ್ರ. ಯಾವ ಗೋಡೆ ಹತ್ತಿರ ಶತ್ರು ಬಂದ್ರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸೋಕೆ ಆ ಆಕಾರ. ಆದ್ರೆ ಒಳಗೆ ನಿಂತ್ರೆ ನಕ್ಷತ್ರ ಕಾಣಲ್ಲ, "ಇಷ್ಟೇನಾ" ಅಂತ ಜನ ವಾಪಸ್ ಬರ್ತಾರೆ. ಬಾಗಿಲಲ್ಲಿ ತಲೆ ಎತ್ತಿ ಚಾವಣಿ ನೋಡಿ, ಕೋಟೆಯ ನಕ್ಷೆ ಅಲ್ಲಿದೆ. ಅದನ್ನ ಮನಸ್ಸಲ್ಲಿಟ್ಟುಕೊಂಡು ಗೋಡೆ ಗುಂಟ ಒಂದು ಸುತ್ತು ಹಾಕಿದ್ರೆ ಮೂಲೆಗಳು ಒಂದೊಂದಾಗಿ ಸಿಗುತ್ತವೆ.

ಪ್ರಶ್ನೆ: ಹೊಯ್ಸಳೇಶ್ವರಕ್ಕೆ ಅಮ್ಮ ಹತ್ತಬಹುದಾ?

ಉತ್ತರ 2: ಜಗತಿಗೆ, ಅಂದ್ರೆ ಗುಡಿ ನಿಂತಿರೋ ಕಟ್ಟೆಗೆ, ಕೆಲವೇ ಮೆಟ್ಟಿಲು, ಆದ್ರೆ ಎತ್ತರ. ಕಷ್ಟ ಅನ್ನಿಸಿದ್ರೆ ಕೆಳಗೆ ಹುಲ್ಲಿನ ಮೇಲೇ ಸುತ್ತು ಬರಲಿ, ಗೋಡೆಯಲ್ಲಿ ಕೆತ್ತಿರೋ ಆನೆ ಸಾಲು ಅಲ್ಲಿಂದಲೂ ಕಾಣುತ್ತೆ. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲೇ ನಡೀಬೇಕು, ಕಾಲು ಒರೆಸೋಕೆ ಟವೆಲ್ ತನ್ನಿ.