ಆದಿ ಕ್ರೈಸ್ತ ಸಭೆಯಲ್ಲಿ ಹಿರಿಯರನ್ನು ಆರಿಸಿದ್ದು ಜನರೋ, ಅಪೊಸ್ತಲರೋ?

ಪ್ರಶ್ನೆ:
ಬೈಬಲಿನ ಅಪೊಸ್ತಲರ ಕೃತ್ಯಗಳು 6ರಲ್ಲಿ ಏಳು ಮಂದಿಯನ್ನು ಜನರೇ ಆರಿಸುತ್ತಾರೆ. 14:23ರಲ್ಲಿ ಪೌಲ, ಬಾರ್ನಬರು ಹಿರಿಯರನ್ನು (ಸಭೆಯ ಮುಖಂಡರನ್ನು) ನೇಮಿಸುತ್ತಾರೆ, ತೀತ 1:5ರಲ್ಲೂ ನೇಮಕವೇ. ಅದಕ್ಕೂ ಮೊದಲು ಯೂದನ ಜಾಗಕ್ಕೆ ಅಪೊಸ್ತಲನಾಗಿ (ಯೇಸು ಕಳಿಸಿದ ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ) ಮತ್ತೀಯನಿಗೆ ಚೀಟು ಬಿದ್ದಿತ್ತು. ಇವುಗಳಲ್ಲಿ ರೂಢಿಯಾಗಿ ನಿಂತದ್ದು ಯಾವುದು?

ಉತ್ತರ 1:
ಆರಿಸುವುದು ಬೇರೆ, ನೇಮಿಸುವುದು ಬೇರೆ. ಇದನ್ನು ಬಿಡಿಸಿಕೊಂಡರೆ ಅರ್ಧ ಗೋಜಲು ಕರಗುತ್ತದೆ. 6ನೇ ಅಧ್ಯಾಯವನ್ನೇ ನಿಧಾನವಾಗಿ ಓದಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದರೆಂಬ ದೂರು ಬಂತು. ಏಳು ಜನ ಸಾಕು, ಅವರು ಒಳ್ಳೇ ಹೆಸರು ಪಡೆದವರೂ ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆಗಿರಲಿ ಎಂದು ಗೊತ್ತುಮಾಡಿದವರು ಅಪೊಸ್ತಲರು. ಹೆಸರು ಸೂಚಿಸಿದ್ದು ಜನ. ಆಮೇಲೆ ಪ್ರಾರ್ಥನೆ, ಹಸ್ತಾರ್ಪಣೆ (ಕೈಯಿಟ್ಟು ಹೊಣೆಗೆ ನೇಮಿಸುವುದು). ಏಳೂ ಗ್ರೀಕ್ ಹೆಸರುಗಳು ಅನ್ನುವುದನ್ನು ಗಮನಿಸಿ. ದೂರು ಎತ್ತಿದವರ ಕಡೆಯವರಿಗೇ ಜನ ಹೊಣೆ ವಹಿಸಿದಂತಿದೆ.

ಚೀಟಿನಲ್ಲೂ ಅಷ್ಟೇ. ಯೋಸೇಫ, ಮತ್ತೀಯ ಇಬ್ಬರನ್ನೂ ಅರ್ಹತೆ ನೋಡಿ ನಿಲ್ಲಿಸಿದ ಮೇಲೆಯೇ ಚೀಟು ಹಾಕಿದ್ದು. ಹೊಸ ಒಡಂಬಡಿಕೆಯಲ್ಲಿ ಮತ್ತೆ ಯಾರನ್ನೂ ಹೀಗೆ ಆರಿಸಿಲ್ಲ.

ಉತ್ತರ 2:
14:23ರ ಗ್ರೀಕ್ ಕ್ರಿಯಾಪದ 'ಖೈರೊತೊನೆಯೊ'. ಮೂಲಾರ್ಥ ಕೈಯೆತ್ತಿ ಮತ ಹಾಕು. ಇದನ್ನೇ ಹಿಡಿದು 'ಅಲ್ಲಿ ಚುನಾವಣೆ ನಡೆಯಿತು' ಎನ್ನುವವರು ಎಡವುವುದು ಇಲ್ಲಿ: ಆ ವಾಕ್ಯದ ಕರ್ತೃ ಸಭೆಯಲ್ಲ, ಪೌಲ ಬಾರ್ನಬರು. 2 ಕೊರಿಂಥ 8:19ರಲ್ಲಿ ಅದೇ ಪದಕ್ಕೆ ಸಭೆಗಳೇ ಕರ್ತೃ, ಆದ್ದರಿಂದ ಅಲ್ಲಿ ಸಭೆಗಳು ಆರಿಸಿದವು ಎನ್ನಬಹುದು. ಪದದ ಹುಟ್ಟು ನೋಡಿ ತೀರ್ಪು ಕೊಡಬೇಡಿ, ಮಾಡಿದವರು ಯಾರೆಂದು ನೋಡಿ.

ಉತ್ತರ 3:
ಅಪೊಸ್ತಲರ ನಂತರದ ಮಾತು. 'ದಿದಾಖೆ' ಎಂಬ ಆದಿ ಕ್ರೈಸ್ತ ಬೋಧನಾ ಕೈಪಿಡಿ ಸಭೆಗೇ ಹೇಳುತ್ತದೆ: ನಿಮಗಾಗಿ ಅಧ್ಯಕ್ಷರನ್ನೂ (ಬಿಷಪರನ್ನೂ) ಸೇವಕರನ್ನೂ ಆರಿಸಿಕೊಳ್ಳಿ. ಮೊದಲನೇ ಶತಮಾನದ ಕೊನೆಯಲ್ಲಿ ಕೊರಿಂಥದವರು ತಮ್ಮ ಹಿರಿಯರನ್ನು ಇಳಿಸಿದಾಗ ರೋಮಿನಿಂದ ಹೋದ ಪತ್ರ, ಅಂದರೆ ಒಂದನೇ ಕ್ಲೆಮೆಂತ, ಅಪೊಸ್ತಲರೋ ಇತರ ಗಣ್ಯರೋ 'ಇಡೀ ಸಭೆಯ ಒಪ್ಪಿಗೆಯಿಂದ' ನೇಮಿಸಿದವರನ್ನು ತಪ್ಪಿಲ್ಲದೆ ತೆಗೆಯುವುದು ಅನ್ಯಾಯ ಎಂದಿತು. ನೇಮಕ, ಒಪ್ಪಿಗೆ ಎರಡೂ ಒಂದೇ ವಾಕ್ಯದಲ್ಲಿವೆ.

ಮೂರನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯಾನನ ಪತ್ರಗಳಲ್ಲಿ ಕ್ರಮ ಸ್ಪಷ್ಟ. ಬಿಷಪ್ ಸ್ಥಾನ ತೆರವಾದರೆ ನೆರೆಯ ಬಿಷಪರು ಆ ಊರಿಗೆ ಬರಬೇಕು. ಅಭ್ಯರ್ಥಿಯ ನಡತೆ ಬಲ್ಲ ಜನರ ಎದುರೇ ಆಯ್ಕೆ ನಡೆಯಬೇಕು. ಜನರಿಲ್ಲದೆ ನಡೆದರೆ ಅಯೋಗ್ಯನ ಕೆಟ್ಟ ನಡತೆ ಬಯಲಾಗುವುದೇ ಇಲ್ಲ, ಕಾರಣ ಅದು. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಮಹಾಸಭೆ ಲೆಕ್ಕ ಗೊತ್ತುಮಾಡಿತು: ಪ್ರಾಂತದ ಎಲ್ಲ ಬಿಷಪರೂ ಸೇರಬೇಕು, ಆಗದಿದ್ದರೆ ಕನಿಷ್ಠ 3 ಜನ, ಬಾರದವರ ಒಪ್ಪಿಗೆ ಪತ್ರದಲ್ಲಿ, ಅಂತಿಮ ಮುದ್ರೆ ಮೆಟ್ರೊಪಾಲಿಟನ್‌ನದು, ಅಂದರೆ ಪ್ರಾಂತದ ಮುಖ್ಯ ಬಿಷಪನದು.

ಆದರೆ ಮೂವರು ಸೇರಿದ ಮಾತ್ರಕ್ಕೆ ನೇಮಕ ಸರಿಯಾಗುವುದಿಲ್ಲ. 251ರಲ್ಲಿ ರೋಮಿನಲ್ಲಿ ಕೊರ್ನೇಲಿಯ ಆಗಲೇ ಬಿಷಪನಾಗಿದ್ದ. ಅಲ್ಲಿನ ಹಿರಿಯ ನೊವಾತಿಯಾನನೂ ಮೂವರು ಬಿಷಪರಿಂದ ಕೈಯಿಡಿಸಿಕೊಂಡು ಪ್ರತಿ ಬಿಷಪನಾದ. ಪೀಠ ತೆರವಾಗಿರಲಿಲ್ಲವಾದ್ದರಿಂದ ಸಿಪ್ರಿಯಾನ ಅದನ್ನು ಮಾನ್ಯ ಮಾಡಲಿಲ್ಲ, ಸಭೆ ಒಡೆಯಿತು.

ಪ್ರಶ್ನೆ ಕೇಳಿದವರು:
ಹೊಸದಾಗಿ ಕ್ರೈಸ್ತರಾದವರನ್ನು ಬಿಷಪ್ ಸ್ಥಾನದಲ್ಲಿ ಕೂರಿಸಬಾರದು ಎಂಬ ನಿಯಮ ಪಾಲನೆಯಾಯಿತೇ?

ಉತ್ತರ 3:
1 ತಿಮೊಥೆಯ 3:6ರಲ್ಲೂ ನಿಕೇಯದ 2ನೇ ನಿಯಮದಲ್ಲೂ ಅದಿದೆ. ಆದರೂ 374ರಲ್ಲಿ ಮಿಲಾನಿನ ಜನ ಅಂಬ್ರೋಸನೇ ಬೇಕೆಂದು ಕೂಗಿದಾಗ ಆತ ಪ್ರಾಂತಾಧಿಕಾರಿ, ದೀಕ್ಷಾಸ್ನಾನವೂ ಆಗಿರಲಿಲ್ಲ. ಸ್ನಾನ ಮಾಡಿಸಿ, ಕೆಲವೇ ದಿನಗಳಲ್ಲಿ ಬಿಷಪ್ ಮಾಡಿದರು.