ಒಂದು ಟ್ರ್ಯಾಕೂ ಹಾರಿಸದೆ ಕೇಳುವಂಥ ವಾದ್ಯಸಂಗೀತದ ಆಲ್ಬಂ ಯಾವುದು?

ಪ್ರಶ್ನೆ: ಹಿಂದೂಸ್ತಾನಿಗೆ ಹೊಸಬ. ಉದ್ದದ ಆಲಾಪ ಬಂದರೆ ಗಮನ ಜಾರುತ್ತೆ. ಪೂರ್ತಿ ಕೇಳಿಸಿಕೊಳ್ಳುವಂಥದ್ದು ಹೇಳ್ತೀರಾ?

ಉತ್ತರ 1: 1967ರ ‘ಕಾಲ್ ಆಫ್ ದಿ ವ್ಯಾಲಿ’, ಕಣ್ಣುಮುಚ್ಚಿ ಶುರು ಮಾಡಿ. ಕಾಶ್ಮೀರದ ಕುರಿಗಾಹಿಯ ಒಂದು ದಿನವೇ ಇದರ ಕಥೆ: ಬೆಳಗಿಗೆ ಅಹಿರ್ ಭೈರವ್ ರಾಗ, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ಶಿವಕುಮಾರ್ ಶರ್ಮಾ ಅವರ ಸಂತೂರಿನಲ್ಲಿ (ಪುಟ್ಟ ಕೋಲುಗಳಿಂದ ಬಡಿದು ನುಡಿಸುವ ತಂತಿವಾದ್ಯ) ಸ್ವರಗಳು ಬಿಡಿಬಿಡಿಯಾಗಿ ಉದುರುತ್ತವೆ. ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್ ತಂತಿಯ ಮೇಲೆ ಲೋಹದ ಪಟ್ಟಿ ಜಾರಿಸಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ಎಳೆಯುತ್ತಾರೆ. ಹರಿಪ್ರಸಾದ್ ಚೌರಾಸಿಯಾರ ಕೊಳಲಿಗೆ ಉಸಿರಿನ ಉದ್ದ. ಮೂರರ ನಾದವೂ ಬೇರೆ ಬೇರೆ, ಅದಕ್ಕೇ ಕಿವಿ ದಣಿಯಲ್ಲ.

ಉತ್ತರ 2: ಒಳ್ಳೆ ಆಯ್ಕೆ. ಆದರೆ ಆ್ಯಪ್‌ನಲ್ಲಿ ಶಫಲ್ (ಟ್ರ್ಯಾಕ್‌ಗಳ ಕ್ರಮ ಕಲಸುವುದು) ಆಫ್ ಇರಲಿ, ಇಲ್ಲದಿದ್ದರೆ ರಾತ್ರಿಯ ರಾಗ ಬೆಳಗಿಗಿಂತ ಮೊದಲೇ ಬಂದುಬಿಡುತ್ತೆ. ಕ್ರಾಸ್‌ಫೇಡ್ (ಒಂದು ಟ್ರ್ಯಾಕಿನ ಕೊನೆಯ ಮೇಲೆ ಮುಂದಿನದನ್ನು ಬೆರೆಸುವುದು) ಸೊನ್ನೆಗಿಡಿ, ಮುಂದಿನ ರಾಗದ ಶುರುವಿನ ಮೆಲುದನಿ ಮುಚ್ಚಿಹೋಗಬಾರದು. ಮೂಲ ಎಲ್‌ಪಿಯಲ್ಲಿದ್ದದ್ದು (ಗ್ರಾಮಫೋನ್ ತಟ್ಟೆಯಲ್ಲಿ) ಐದೇ ಟ್ರ್ಯಾಕ್. ಸೀಡಿಗೆ ಆಮೇಲೆ ಸೇರಿಸಿದವು ಚೆನ್ನಾಗಿವೆ, ಕಥೆಗೆ ಸೇರಿದವಲ್ಲ. ಪಹಾಡಿಗೆ ನಿಲ್ಲಿಸಿ.

ಉತ್ತರ 3: ಫೋನ್ ಸ್ಪೀಕರ್ ಬೇಡ. ತಬಲಾದ ಎಡಗೈ ಗುಮುಕು, ಆ ತಗ್ಗಿನ ದನಿ, ಕೇಳೋದೇ ಇಲ್ಲ. ಸಾಧಾರಣ ಇಯರ್‌ಫೋನ್ ಸಾಕು.